ನಡುವಯಸ್ಸಿನ ಗಂಡಸರ ಸಿಡುಕು, ಬೇಸರ ಮತ್ತು ಟೆಸ್ಟೋಸ್ಟೆರಾನ್: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ

ನಲವತ್ತೈದು ದಾಟಿದ ಗಂಡಸರೊಬ್ಬರು ಸಣ್ಣ ಮಾತಿಗೂ ಸಿಡುಕತೊಡಗಿ, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳಲ್ಲಿ ಮನಸ್ಸು ನಿಲ್ಲದಂತಾಗಿ, ಸಂಜೆ ಮನೆಗೆ ಬಂದವರೇ ಯಾರೊಡನೆಯೂ ಮಾತಾಡದೆ ಕುಳಿತುಬಿಟ್ಟರೆ, ‘ವಯಸ್ಸಾಯಿತು, ಜವಾಬ್ದಾರಿ ಹೆಚ್ಚಾಯಿತು’ ಎಂದು ಮನೆಯವರು ಸುಮ್ಮನಾಗುವುದು ಬಹಳ ಕಾಲದಿಂದ ನಡೆದುಬಂದಿದೆ. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಉತ್ತರ ಸೇರಿಕೊಂಡಿದೆ. ಮೊಬೈಲಿನಲ್ಲಿ ಕಂಡ ಜಾಹೀರಾತನ್ನು ನಂಬಿ, ಗಂಡಸರ ಮುಖ್ಯ ಲೈಂಗಿಕ ಹಾರ್ಮೋನಾದ ಟೆಸ್ಟೋಸ್ಟೆರಾನ್ ಕಡಿಮೆಯಾಗಿದೆ ಎಂದು ತಾವೇ ನಿರ್ಧರಿಸಿ, ಲ್ಯಾಬಿನಲ್ಲಿ ಒಂದು ರಕ್ತಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನು ನೋಡಿ ಗಾಬರಿಯಾಗುವವರು ಹೆಚ್ಚುತ್ತಿದ್ದಾರೆ. ಮೊದಲನೆಯ ದಾರಿಯಲ್ಲಿ ಚಿಕಿತ್ಸೆಯಿರುವ ಕಾಯಿಲೆ ಕಣ್ತಪ್ಪುತ್ತದೆ. ಎರಡನೆಯದರಲ್ಲಿ ಇಲ್ಲದ ಕಾಯಿಲೆಗೆ ಚಿಕಿತ್ಸೆ ಶುರುವಾಗುತ್ತದೆ. ಏನನ್ನು ಮೊದಲು ಗಮನಿಸಬೇಕು, ಯಾವ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕು, ಫಲಿತಾಂಶ ಬಂದ ಮೇಲೆ ಯಾರ ಬಳಿಗೆ ಹೋಗಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ವಯಸ್ಸಿನೊಂದಿಗೆ ಎಷ್ಟು ಇಳಿಯುತ್ತದೆ

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಲ್‌ಎಚ್ ಎಂಬ ಹಾರ್ಮೋನಿನ ಮೂಲಕ ವೃಷಣಗಳಿಗೆ ಸೂಚನೆ ಕಳಿಸುತ್ತದೆ. ಆ ಸೂಚನೆಯಂತೆ ವೃಷಣಗಳು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ. ಮೂವತ್ತು–ನಲವತ್ತರ ವಯಸ್ಸಿನಿಂದ ರಕ್ತದಲ್ಲಿನ ಒಟ್ಟು ಟೆಸ್ಟೋಸ್ಟೆರಾನ್ ವರ್ಷಕ್ಕೆ ಸರಾಸರಿ ಶೇ. 1ರಷ್ಟು ಇಳಿಯುತ್ತ ಹೋಗುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ವಯಸ್ಸಿನೊಂದಿಗೆ ಹೆಚ್ಚುವುದರಿಂದ, ದೇಹದ ಬಳಕೆಗೆ ಮುಕ್ತವಾಗಿ ಸಿಗುವ ಭಾಗ ಇನ್ನಷ್ಟು ಬೇಗ ಇಳಿಯುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತಾಗ ಕೆಲವೇ ವರ್ಷಗಳಲ್ಲಿ ಆಗುವ ದೊಡ್ಡ ಕುಸಿತ ಗಂಡಸರಲ್ಲಿ ಆಗುವುದಿಲ್ಲ. ಎಪ್ಪತ್ತರ ಎಷ್ಟೋ ಜನರಲ್ಲಿ ಈ ಹಾರ್ಮೋನು ಸಹಜ ಮಟ್ಟದಲ್ಲೇ ಇರುತ್ತದೆ.

ಯುರೋಪಿನ ಎಂಟು ನಗರಗಳಲ್ಲಿ 40ರಿಂದ 79 ವರ್ಷದೊಳಗಿನ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಫಲಿತಾಂಶವನ್ನು ಈ ವಿಷಯದಲ್ಲಿ ಗೊಂದಲವಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ಟೆಸ್ಟೋಸ್ಟೆರಾನ್ ಕೊರತೆಯೊಂದಿಗೆ ಸ್ಪಷ್ಟವಾಗಿ ಹೊಂದಿಕೊಂಡು ಬಂದ ಲಕ್ಷಣಗಳು ಮೂರೇ: ಬೆಳಗಿನ ಜಾವದ ನಿಮಿರುವಿಕೆ ಕಡಿಮೆಯಾಗುವುದು, ಲೈಂಗಿಕ ವಿಚಾರಗಳು ಮನಸ್ಸಿಗೆ ಬರುವುದು ಕಡಿಮೆಯಾಗುವುದು, ಮತ್ತು ಸಂಭೋಗದ ಸಮಯದಲ್ಲಿ ನಿಮಿರುವಿಕೆಯ ತೊಂದರೆ. ಬೇಸರ, ಆಯಾಸ, ನಿಶ್ಶಕ್ತಿಗಳು ಹಾರ್ಮೋನಿನ ಮಟ್ಟದೊಂದಿಗೆ ಸಡಿಲವಾಗಿಯಷ್ಟೇ ತಾಳೆಯಾದವು. ಈ ಮೂರೂ ಲಕ್ಷಣಗಳಿದ್ದು ಹಾರ್ಮೋನೂ ಕಡಿಮೆಯಿದ್ದವರು ನೂರಕ್ಕೆ ಸುಮಾರು ಇಬ್ಬರು. ಆದ್ದರಿಂದ ಬರೀ ಮುಂಗೋಪ, ಬರೀ ಬೇಸರ ಇದ್ದು ಲೈಂಗಿಕ ಆಸಕ್ತಿ ಮೊದಲಿನಂತೆಯೇ ಇರುವವರು ಹಾರ್ಮೋನಿನ ಕಡೆಗೆ ಓಡುವ ಮೊದಲು ಬೇರೆ ಕಾರಣಗಳನ್ನು ಹುಡುಕಬೇಕು ಎಂಬುದು ಈ ಬರಹದುದ್ದಕ್ಕೂ ಇಟ್ಟುಕೊಂಡಿರುವ ನಿಲುವು.

ಎರಡು ವಾರ ಬರೆದಿಡಿ

ವೈದ್ಯರ ಬಳಿಗೆ ಹೋಗುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರದ ವಿವರ ಬರೆದಿಡಿ. ರಾತ್ರಿ ಎಷ್ಟು ಗಂಟೆಗೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ, ನಡುವೆ ಎಷ್ಟು ಸಲ ಎಚ್ಚರವಾಯಿತು, ಮದ್ಯ ಸೇವಿಸಿದ್ದರೆ ಎಷ್ಟು, ಯಾವ ದಿನ ಸಿಡುಕು ಹೆಚ್ಚಿತ್ತು, ಅದಕ್ಕೆ ಕಣ್ಣಿಗೆ ಕಾಣುವ ಕಾರಣವೇನಾದರೂ ಇತ್ತೇ, ಬೆಳಿಗ್ಗೆ ಏಳುವಾಗ ನಿಮಿರುವಿಕೆ ಇತ್ತೇ ಇಲ್ಲವೇ ಎಂಬುದೆಲ್ಲ ಅದರಲ್ಲಿರಲಿ. ಕೊನೆಯದನ್ನು ಬರೆಯಲು ಸಂಕೋಚವಾಗುವುದು ಸಹಜ. ಆದರೆ ವೈದ್ಯರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮಾಹಿತಿಯೇ ಅದು. ಗೊರಕೆಯ ವಿಷಯ ಮಾತ್ರ ನಿಮಗೆ ಗೊತ್ತಾಗುವಂಥದ್ದಲ್ಲ. ಗೊರಕೆ ಹೊಡೆಯುತ್ತ ಹೊಡೆಯುತ್ತ ಉಸಿರು ನಿಂತು, ಆಮೇಲೆ ಒಮ್ಮೆಲೇ ಜೋರಾಗಿ ಶುರುವಾಗುತ್ತದೆಯೇ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳಿ ಬರೆದುಕೊಳ್ಳಿ.

ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿಯೂ ಜೊತೆಗಿರಬೇಕು. ಉಬ್ಬಸಕ್ಕೋ ಕೀಲುನೋವಿಗೋ ಬಹಳ ಕಾಲ ನುಂಗಿದ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಗಳು, ಟ್ರಮಡಾಲ್‌ನಂಥ ಅಫೀಮು ವರ್ಗದ ನೋವುನಿವಾರಕಗಳು ಟೆಸ್ಟೋಸ್ಟೆರಾನನ್ನು ಇಳಿಸಬಲ್ಲವು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದ ಹಾರ್ಮೋನು ಸರಿಯಾಗಿದ್ದರೂ ಲೈಂಗಿಕ ಆಸಕ್ತಿ ತಗ್ಗುವುದುಂಟು. ಹಾಗೆಂದು ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬಾರದು. ಅಳತೆ ಟೇಪಿನಿಂದ ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನೂ ನೋಡಿ ಬರೆಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಅದು ಹೆಚ್ಚೆಂದೇ ಲೆಕ್ಕ.

ಖಿನ್ನತೆಯನ್ನು ಪಕ್ಕಕ್ಕೆ ಸರಿಸಬೇಡಿ

ಗಂಡಸರಲ್ಲಿ ಖಿನ್ನತೆ ಅನೇಕ ವೇಳೆ ಅಳುವಿನ ರೂಪದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮಕ್ಕಳ ಮೇಲೆ ರೇಗುವುದು, ಕುಡಿತ ಹೆಚ್ಚುವುದು, ಮನೆಗೆ ಬಾರದೆ ಕೆಲಸದಲ್ಲೇ ಮುಳುಗಿರುವುದು, ಗಾಡಿಯನ್ನು ಹುಚ್ಚಾಪಟ್ಟೆ ಓಡಿಸುವುದು, ಎಷ್ಟು ಪರೀಕ್ಷಿಸಿದರೂ ಕಾರಣ ಸಿಗದ ಮೈಕೈ ನೋವು ಇವುಗಳ ಹಿಂದೆ ಅದು ಅಡಗಿರಬಹುದು. ಸಾಲ, ಬೆಳೆದ ಮಕ್ಕಳ ಭವಿಷ್ಯದ ಚಿಂತೆ, ಹಾಸಿಗೆ ಹಿಡಿದ ತಂದೆತಾಯಿಯ ಆರೈಕೆ, ಕೆಲಸದ ಅಭದ್ರತೆ ಎಲ್ಲವೂ ಸಾಮಾನ್ಯವಾಗಿ ಒಟ್ಟಿಗೆ ಬಂದು ಹೆಗಲೇರುವುದು ಇದೇ ವಯಸ್ಸಿನಲ್ಲಿ. ಹಾರ್ಮೋನಿನ ತಲೆಗೆ ಕಟ್ಟಿದರೆ ಹೇಳಿಕೊಳ್ಳಲು ಸುಲಭ ಎನ್ನುವ ಕಾರಣಕ್ಕೇ ಅನೇಕರು ರಕ್ತಪರೀಕ್ಷೆಯನ್ನು ಬಯಸುತ್ತಾರೆಯೇ ಹೊರತು ಮನೋವೈದ್ಯರ ಕೋಣೆಯನ್ನಲ್ಲ.

ಪಿಎಚ್‌ಕ್ಯೂ–9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ವೈದ್ಯರು ಜಗತ್ತಿನ ಎಲ್ಲೆಡೆ ಬಳಸುತ್ತಾರೆ. ಕಳೆದ ಎರಡು ವಾರಗಳಲ್ಲಿ ಆಸಕ್ತಿ, ನಿದ್ದೆ, ಹಸಿವು, ಏಕಾಗ್ರತೆ ಮುಂತಾದವು ಹೇಗಿದ್ದವು ಎಂಬುದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಬೇಕು. ಒಟ್ಟು 27 ಅಂಕಗಳಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣುವುದು ಅಗತ್ಯ. ಸತ್ತರೆ ಚೆನ್ನಾಗಿತ್ತು ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆಯ ಕುರಿತಾದ ಒಂಬತ್ತನೆಯ ಪ್ರಶ್ನೆಗೆ ‘ಇಲ್ಲವೇ ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕವನ್ನು ಲೆಕ್ಕಿಸದೆ ಅದೇ ದಿನ ನೆರವು ಪಡೆಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ–ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಕರೆ ಉಚಿತ, ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಸುತ್ತಿನ ಪರೀಕ್ಷೆಗಳು

ಮೊದಲು ಕಾಣಬೇಕಾದವರು ನಿಮ್ಮ ಎಂದಿನ ವೈದ್ಯರು ಅಥವಾ ಫಿಸಿಷಿಯನ್. ಆಯಾಸ ಮತ್ತು ಬೇಸರ ಎಂದು ಹೇಳಿಕೊಂಡವರಿಗೆ ಅವರು ಸಾಮಾನ್ಯವಾಗಿ ಹಿಮೋಗ್ಲೋಬಿನ್, ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಥೈರಾಯ್ಡಿಗೆ ಟಿಎಸ್‌ಎಚ್, ಬಿ12 ವಿಟಮಿನ್ ಮತ್ತು ಯಕೃತ್ತು–ಮೂತ್ರಪಿಂಡಗಳ ಪರೀಕ್ಷೆ ಬರೆಯುತ್ತಾರೆ. ಬಿ12 ಕೊರತೆಯನ್ನು ಹಗುರವಾಗಿ ಕಾಣಬಾರದು. ಅಪ್ಪಟ ಸಸ್ಯಾಹಾರಿಗಳಲ್ಲಿಯೂ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿಯೂ ಅದು ಸಾಮಾನ್ಯ. ಅದರಿಂದ ಬರುವ ಮರೆವು, ಸಿಡುಕು, ಕೈಕಾಲು ಜೋಮು ಹಿಡಿಯುವುದು ಹಾರ್ಮೋನಿನ ಕೊರತೆಯಂತೆಯೇ ಕಾಣಬಹುದು, ಮತ್ತು ಅದರ ಚಿಕಿತ್ಸೆ ಬಹಳ ಅಗ್ಗ. ಗೊರಕೆಯ ನಡುವೆ ಉಸಿರು ನಿಲ್ಲುವವರಿಗೆ ನಿದ್ದೆಯ ಪರೀಕ್ಷೆ ಬೇಕು, ಏಕೆಂದರೆ ಈ ತೊಂದರೆ ಹಗಲಿನ ತೂಕಡಿಕೆ, ಮುಂಗೋಪ, ರಕ್ತದೊತ್ತಡಗಳ ಜೊತೆಗೆ ಟೆಸ್ಟೋಸ್ಟೆರಾನ್ ಇಳಿಕೆಗೂ ಸಂಬಂಧಿಸಿದೆ.

ನಿಮಿರುವಿಕೆಯ ತೊಂದರೆ ಹೊಸದಾಗಿ ಶುರುವಾಗಿದ್ದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವಾದ್ದರಿಂದ ಅಲ್ಲಿನ ಅಡಚಣೆ ಮೊದಲು ಕಾಣಿಸಿಕೊಳ್ಳುತ್ತದೆ. ಹೃದಯದ ಕಾಯಿಲೆ ಕೆಲವು ವರ್ಷಗಳ ನಂತರ ಗೊತ್ತಾಗಬಹುದು. ರಕ್ತದೊತ್ತಡ, ಕೊಲೆಸ್ಟ್ರಾಲ್, ಸಕ್ಕರೆ ಮೂರನ್ನೂ ನೋಡಿಸದೆ ಮೆಡಿಕಲ್ ಶಾಪಿನಿಂದ ಮಾತ್ರೆ ಕೊಂಡು ನುಂಗುವುದು ಈ ಎಚ್ಚರಿಕೆಯನ್ನು ಕೈಯಾರೆ ಒರೆಸಿಹಾಕಿದಂತೆ.

ಟೆಸ್ಟೋಸ್ಟೆರಾನ್ ಪರೀಕ್ಷೆಯ ಸರಿಯಾದ ವಿಧಾನ

ಇಲ್ಲಿ ಆಗುವ ತಪ್ಪುಗಳೇ ಹೆಚ್ಚು. ಈ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ, ಊಟ ಮಾಡಿದರೂ ಇಳಿಯುತ್ತದೆ. ಆದ್ದರಿಂದ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಏನೂ ತಿನ್ನದೆ, ಬೆಳಿಗ್ಗೆ ಏಳರಿಂದ ಹತ್ತರೊಳಗೆ ರಕ್ತ ಕೊಡಬೇಕು. ರಾತ್ರಿ ಪಾಳಿಯಲ್ಲಿ ದುಡಿಯುವವರು ತಾವು ನಿದ್ದೆಯಿಂದ ಏಳುವ ಹೊತ್ತನ್ನು ವೈದ್ಯರಿಗೆ ತಿಳಿಸಿ, ಅದಕ್ಕೆ ತಕ್ಕಂತೆ ಸಮಯ ಗೊತ್ತುಮಾಡಿಕೊಳ್ಳಬೇಕು. ಜ್ವರ, ಶಸ್ತ್ರಚಿಕಿತ್ಸೆ, ಆಸ್ಪತ್ರೆ ವಾಸ ಇವುಗಳ ಸಮಯದಲ್ಲಿ ಮತ್ತು ಚೇತರಿಸಿಕೊಳ್ಳುವವರೆಗೆ ಪರೀಕ್ಷೆ ಮಾಡಿಸಬಾರದು, ಏಕೆಂದರೆ ಯಾವ ಗಂಭೀರ ಕಾಯಿಲೆಯಲ್ಲೂ ಈ ಮಟ್ಟ ತಾತ್ಕಾಲಿಕವಾಗಿ ಕುಸಿಯುತ್ತದೆ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಲ್ಯಾಬಿನವರಿಗೆ ಮೊದಲೇ ಹೇಳಬೇಕು. ಕೆಲವು ಯಂತ್ರಗಳಲ್ಲಿ ಅದು ಫಲಿತಾಂಶವನ್ನೇ ಬದಲಿಸುತ್ತದೆ. ಹಬ್ಬದ ರಿಯಾಯಿತಿಯ ಹೆಲ್ತ್ ಪ್ಯಾಕೇಜಿನಲ್ಲಿ ಮಧ್ಯಾಹ್ನ ಕೊಟ್ಟ ರಕ್ತದಿಂದ ಬಂದ ಕಡಿಮೆ ಅಂಕಿಗೆ ಬೆಲೆ ಕೊಡಬೇಕಾಗಿಲ್ಲ.

ಮೊದಲ ಫಲಿತಾಂಶ ಕಡಿಮೆ ಬಂದರೆ ಇನ್ನೊಂದು ದಿನ ಅದೇ ರೀತಿಯಲ್ಲಿ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಬೇಕು. ಎರಡನೆಯ ಸಲ ಸಹಜವಾಗಿ ಬರುವವರ ಸಂಖ್ಯೆ ಸಣ್ಣದಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಡೆಸಿಲೀಟರಿಗೆ 300 ನ್ಯಾನೊಗ್ರಾಮ್ ಎಂಬ ಗಡಿಯನ್ನು ಇಟ್ಟುಕೊಂಡಿದೆ. ಅಲ್ಲಿನ ಹಾರ್ಮೋನು ತಜ್ಞರ ಸಂಘದ 2018ರ ಮಾರ್ಗಸೂಚಿ, ಆರೋಗ್ಯವಂತ ಯುವಕರ ಮಟ್ಟವನ್ನು ಆಧರಿಸಿ 264 ಎಂಬ ಕೆಳಗಡಿಯನ್ನು ಉಲ್ಲೇಖಿಸುತ್ತದೆ. ತಜ್ಞರಲ್ಲೇ ಇಷ್ಟು ಅಂತರವಿರುವಾಗ 290 ಬಂದವರು ತಮ್ಮನ್ನು ರೋಗಿ ಎಂದು ಕರೆದುಕೊಳ್ಳಲು ಅವಸರ ಮಾಡಬಾರದು. ರಿಪೋರ್ಟಿನಲ್ಲಿ ಅಳತೆಯ ಮಾನವನ್ನೂ ನೋಡಬೇಕು. ಕೆಲವು ಲ್ಯಾಬುಗಳು ಮಿಲಿಲೀಟರಿನ ಲೆಕ್ಕದಲ್ಲಿ ಕೊಡುವುದರಿಂದ ಅದೇ 300 ಎಂಬುದು 3 ಎಂದು ಅಚ್ಚಾಗಿರುತ್ತದೆ. ನ್ಯಾನೊಮೋಲ್ ಲೆಕ್ಕದಲ್ಲಿ ಅದು ಲೀಟರಿಗೆ ಸುಮಾರು 10.4 ಆಗುತ್ತದೆ.

ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಇರುವವರ ವಿಷಯ ಸ್ವಲ್ಪ ಬೇರೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಎಸ್‌ಎಚ್‌ಬಿಜಿ ಪ್ರೋಟೀನು ಕಡಿಮೆಯಾಗುತ್ತದೆ. ಆಗ ಒಟ್ಟು ಟೆಸ್ಟೋಸ್ಟೆರಾನ್ ಕಡಿಮೆ ಕಂಡರೂ ಬಳಕೆಗೆ ಸಿಗುವ ಭಾಗ ಸಾಕಷ್ಟು ಇರಬಹುದು. ಇಂಥವರಲ್ಲಿ ಎಸ್‌ಎಚ್‌ಬಿಜಿಯನ್ನೂ ಅಳೆದು, ಮುಕ್ತ ಟೆಸ್ಟೋಸ್ಟೆರಾನನ್ನು ಲೆಕ್ಕ ಹಾಕಿದ ಮೇಲೆ ತೀರ್ಮಾನಕ್ಕೆ ಬರುವುದು ಸರಿ. ನಮ್ಮ ನಗರಗಳಲ್ಲಿ ನಡುವಯಸ್ಸಿನ ಹೊಟ್ಟೆಯನ್ನು ನೋಡಿದರೆ ಈ ಮಾತು ಎಷ್ಟು ಜನರಿಗೆ ಅನ್ವಯಿಸುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಸಲವೂ ನಿಜವಾಗಿ ಕಡಿಮೆಯಿದ್ದರೆ ಹಾರ್ಮೋನು ತಜ್ಞರು ಎಲ್‌ಎಚ್ ಮತ್ತು ಪಿಟ್ಯುಟರಿಯ ಇನ್ನೆರಡು ಹಾರ್ಮೋನುಗಳಾದ ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ನೋಡಿಸುತ್ತಾರೆ. ಎಲ್‌ಎಚ್ ಏರಿದ್ದರೆ ತೊಂದರೆ ವೃಷಣದಲ್ಲಿದೆ ಎಂದರ್ಥ. ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣಕ್ಕೆ ಇಳಿದಿದ್ದರೆ ಹಾಗಾಗಬಹುದು. ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಹೆಚ್ಚಿರುವ ಕ್ಲೈನ್‌ಫೆಲ್ಟರ್ ಸ್ಥಿತಿಯೂ ಕೆಲವರಲ್ಲಿ ನಡುವಯಸ್ಸಿನವರೆಗೆ ಪತ್ತೆಯಾಗದೆ ಉಳಿದಿರುತ್ತದೆ. ಎಲ್‌ಎಚ್ ಕೂಡ ಕಡಿಮೆಯಿದ್ದರೆ ಅಥವಾ ಏರಬೇಕಾದಾಗ ಏರದಿದ್ದರೆ ಗಮನ ಪಿಟ್ಯುಟರಿಯ ಕಡೆಗೆ ಹೋಗಬೇಕು. ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 150 ನ್ಯಾನೊಗ್ರಾಮಿಗಿಂತ ಕೆಳಗಿದ್ದು ಎಲ್‌ಎಚ್ ಏರದಿದ್ದವರಿಗೆ, ಪ್ರೊಲ್ಯಾಕ್ಟಿನ್ ಹೆಚ್ಚಿರುವವರಿಗೆ, ತಲೆನೋವು ಮತ್ತು ಪಕ್ಕದ ದೃಷ್ಟಿ ಮಂಜಾಗುವ ತೊಂದರೆ ಇರುವವರಿಗೆ ಮೆದುಳಿನ ಎಂಆರ್‌ಐ ಬೇಕಾಗುತ್ತದೆ.

ಔಷಧಕ್ಕೆ ಮೊದಲು

ಹೊಟ್ಟೆಯ ಕೊಬ್ಬಿನಲ್ಲಿರುವ ಅರೊಮಟೇಸ್ ಎಂಬ ಕಿಣ್ವವು ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ ಆಗಿ ಪರಿವರ್ತಿಸುತ್ತದೆ. ತೂಕ ಇಳಿದಂತೆಲ್ಲ ಹಾರ್ಮೋನು ತಾನಾಗಿ ಏರುತ್ತದೆ. ಎಷ್ಟು ಇಳಿಸಿದರೆ ಅಷ್ಟು ಏರಿಕೆ. ರಾತ್ರಿಯ ಅನ್ನ–ಮುದ್ದೆಯ ಪ್ರಮಾಣವನ್ನು ಕಡಿಮೆ ಮಾಡಿ ಕಾಳು, ಬೇಳೆ, ಮೊಟ್ಟೆ, ಮೀನು, ಸೊಪ್ಪನ್ನು ಹೆಚ್ಚಿಸುವುದು, ಸಂಜೆಯ ಬಜ್ಜಿ–ಬೋಂಡವನ್ನು ಅಪರೂಪಕ್ಕೆ ಇಟ್ಟುಕೊಳ್ಳುವುದು, ದಿನವೂ ನಡೆಯುವುದರ ಜೊತೆಗೆ ವಾರಕ್ಕೆ ಎರಡು–ಮೂರು ದಿನ ಭಾರ ಎತ್ತುವ ಅಥವಾ ಬಸ್ಕಿ, ದಂಡದಂಥ ವ್ಯಾಯಾಮ ಮಾಡುವುದು ಇಲ್ಲಿಂದ ಶುರುವಾಗಲಿ. ನಿದ್ದೆಯ ಪಾತ್ರ ಇದಕ್ಕಿಂತ ಕಡಿಮೆಯದಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಾರ ರಾತ್ರಿಗೆ ಐದೇ ಗಂಟೆ ನಿದ್ದೆ ಮಾಡಿದ ಆರೋಗ್ಯವಂತ ಯುವಕರ ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15ರಷ್ಟು ಇಳಿದಿತ್ತು. ವಯಸ್ಸು ಹತ್ತು ವರ್ಷದಲ್ಲಿ ಮಾಡುವ ಕೆಲಸವನ್ನು ನಿದ್ದೆಗೇಡು ಒಂದು ವಾರದಲ್ಲಿ ಮಾಡಿತು ಎಂದ ಹಾಗಾಯಿತು.

ಜಾಹೀರಾತಿನ ಪುಡಿ, ಲೇಹ್ಯ, ಕ್ಯಾಪ್ಸೂಲುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಗೋಡೆಬರಹಗಳು ಮಾತ್ರ ಅಳಿದಿಲ್ಲ. ಅಶ್ವಗಂಧದ ಕುರಿತು ಸಣ್ಣ ಅಧ್ಯಯನಗಳು ಕೆಲವಿವೆ, ಅದರಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಜಿಮ್ಮಿನಲ್ಲಿ ಗುಟ್ಟಾಗಿ ಕೊಡುವ ಇಂಜೆಕ್ಷನ್ನುಗಳಿಂದ ದೂರವಿರಿ. ಹೊರಗಿನ ಹಾರ್ಮೋನು ಸಿಕ್ಕೊಡನೆ ಪಿಟ್ಯುಟರಿ ತನ್ನ ಸೂಚನೆಯನ್ನು ನಿಲ್ಲಿಸುತ್ತದೆ, ಇಂಜೆಕ್ಷನ್ ಬಿಟ್ಟ ಮೇಲೆ ವೃಷಣಗಳು ಮತ್ತೆ ಕೆಲಸ ಶುರುಮಾಡಲು ತಿಂಗಳುಗಳೇ ಬೇಕಾಗುತ್ತವೆ, ಮತ್ತು ಆ ಅವಧಿಯಲ್ಲಿ ತೀವ್ರ ಖಿನ್ನತೆ ಕವಿಯುವುದುಂಟು.

ಹಾರ್ಮೋನು ಚಿಕಿತ್ಸೆ

ಲಕ್ಷಣಗಳೂ ಇದ್ದು, ಎರಡು ಪರೀಕ್ಷೆಗಳಲ್ಲೂ ಕೊರತೆ ಸ್ಪಷ್ಟವಾಗಿದ್ದು, ಬೇರೆ ಕಾರಣಗಳನ್ನು ನೋಡಿ ಆದ ಮೇಲೆ ಟೆಸ್ಟೋಸ್ಟೆರಾನ್ ಚಿಕಿತ್ಸೆ ಯೋಗ್ಯವಾದದ್ದೇ. ಎರಡು–ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್, ಸುಮಾರು ಮೂರು ತಿಂಗಳಿಗೊಮ್ಮೆ ಕೊಡುವ ದೀರ್ಘಾವಧಿಯ ಇಂಜೆಕ್ಷನ್, ದಿನವೂ ಚರ್ಮಕ್ಕೆ ಹಚ್ಚುವ ಜೆಲ್, ಎಣ್ಣೆಯಂಶವಿರುವ ಊಟದೊಂದಿಗೆ ನುಂಗುವ ಕ್ಯಾಪ್ಸೂಲ್ ಎಂಬ ರೂಪಗಳಿವೆ. ಮೊದಲನೆಯದರಲ್ಲಿ ಚುಚ್ಚಿದ ಕೆಲವು ದಿನ ಮಟ್ಟ ಬಹಳ ಏರಿ, ಮುಂದಿನ ಇಂಜೆಕ್ಷನ್ ಹತ್ತಿರ ಬರುವಾಗ ಇಳಿಯುವುದರಿಂದ ಮನಸ್ಥಿತಿಯೂ ಅದರೊಂದಿಗೆ ಏರಿಳಿಯಬಹುದು. ಸಿಡುಕಿನ ಕಾರಣಕ್ಕಾಗಿಯೇ ವೈದ್ಯರ ಬಳಿಗೆ ಹೋದವರು ಇದನ್ನು ಮೊದಲೇ ಚರ್ಚಿಸಬೇಕು. ಜೆಲ್ ಹಚ್ಚಿದ ಜಾಗವನ್ನು ಬಟ್ಟೆಯಿಂದ ಮುಚ್ಚಿ, ಕೈ ತೊಳೆಯದೆ ಮಕ್ಕಳನ್ನಾಗಲಿ ಹೆಂಡತಿಯನ್ನಾಗಲಿ ಮುಟ್ಟದಿರುವುದು ಕಡ್ಡಾಯ.

ಮಕ್ಕಳು ಬೇಕೆಂದಿರುವವರಿಗೆ ಈ ಚಿಕಿತ್ಸೆ ಸಲ್ಲದು, ಏಕೆಂದರೆ ವೀರ್ಯಾಣುಗಳ ಉತ್ಪತ್ತಿ ಪೂರ್ತಿ ನಿಂತೇ ಹೋಗಬಹುದು. ತಡವಾಗಿ ಮದುವೆಯಾದವರ ಸಂಖ್ಯೆ ಹೆಚ್ಚಿರುವ ಈ ಕಾಲದಲ್ಲಿ ಇದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಬೇಕು. ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇರುವವರು, ಕೆಂಪು ರಕ್ತಕಣಗಳು ಹೆಚ್ಚಿ ರಕ್ತ ಈಗಾಗಲೇ ಗಟ್ಟಿಯಿರುವವರು, ತೀವ್ರವಾದ ನಿದ್ದೆಯ ಉಸಿರುಗಟ್ಟುವಿಕೆಗೆ ಚಿಕಿತ್ಸೆ ಪಡೆಯದವರು, ಹತೋಟಿಯಲ್ಲಿಲ್ಲದ ಹೃದಯ ವೈಫಲ್ಯವಿರುವವರು, ಕಳೆದ ಆರು ತಿಂಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು ಸಹ ಇದನ್ನು ತೆಗೆದುಕೊಳ್ಳಬಾರದು.

ಎಷ್ಟು ಪ್ರಯೋಜನ ನಿರೀಕ್ಷಿಸಬಹುದು? 65 ದಾಟಿದ, ಹಾರ್ಮೋನು ಕಡಿಮೆಯಿದ್ದ 790 ಅಮೆರಿಕನ್ನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಲೈಂಗಿಕ ಆಸಕ್ತಿ ಸಾಧಾರಣ ಮಟ್ಟಿಗೆ ಸುಧಾರಿಸಿತು, ಮನಸ್ಥಿತಿ ಅಲ್ಪಸ್ವಲ್ಪ ಸುಧಾರಿಸಿತು, ಆಯಾಸದ ಅಳತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೃದ್ರೋಗದ ಅಪಾಯವಿದ್ದ 45ರಿಂದ 80 ವರ್ಷದ ಐದು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡು 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಹೃದಯ ಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಮತ್ತು ಮೂತ್ರಪಿಂಡದ ತೊಂದರೆ ಸ್ವಲ್ಪ ಹೆಚ್ಚಿದ್ದವು. ಚಿಕಿತ್ಸೆ ಶುರುವಾದ ಮೇಲೆ ಮೂರರಿಂದ ಆರು ತಿಂಗಳೊಳಗೆ, ಆಮೇಲೆ ವರ್ಷಕ್ಕೊಮ್ಮೆ ರಕ್ತದಲ್ಲಿ ಕೆಂಪು ಕಣಗಳ ಪಾಲನ್ನು ತೋರಿಸುವ ಹಿಮಟೋಕ್ರಿಟ್ ನೋಡಿಸಬೇಕು, ಅದು ಶೇ. 54 ದಾಟಿದರೆ ಔಷಧವನ್ನು ನಿಲ್ಲಿಸಬೇಕಾಗುತ್ತದೆ. ಪ್ರಾಸ್ಟೇಟಿನ ಪಿಎಸ್‌ಎ ಪರೀಕ್ಷೆ ಮತ್ತು ಟೆಸ್ಟೋಸ್ಟೆರಾನ್ ಮಟ್ಟವನ್ನೂ ವೈದ್ಯರು ನೋಡುತ್ತಾರೆ.

ಮನೆಯವರು

ಈ ಮಾತನ್ನು ಮೊದಲು ಎತ್ತುವವರು ಬಹುಮಟ್ಟಿಗೆ ಹೆಂಡತಿಯೇ. ಜಗಳದ ನಡುವೆ ‘ನಿಮಗೆ ತಲೆ ಕೆಟ್ಟಿದೆ, ಡಾಕ್ಟರಿಗೆ ತೋರಿಸಿ’ ಎಂದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ‘ರೀ, ಈಚೆಗೆ ನಿಮಗೆ ರಾತ್ರಿ ಸರಿಯಾಗಿ ನಿದ್ದೆ ಬರ್ತಿಲ್ಲ, ಗೊರಕೆನೂ ಜಾಸ್ತಿಯಾಗಿದೆ, ಹೇಗೂ ಬಿಪಿ ನೋಡಿಸಬೇಕಲ್ಲ, ಶನಿವಾರ ಇಬ್ಬರೂ ಹೋಗಿ ಬರೋಣ’ ಎಂಬ ಮಾತಿಗೆ ಒಪ್ಪುವವರು ಹೆಚ್ಚು. ನಮ್ಮ ದೇಶದಲ್ಲಿ ಹೆಂಗಸರ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರ ಆಸುಪಾಸಿನಲ್ಲಿರುವುದರಿಂದ ಆಕೆಯೂ ಅದೇ ಹೊತ್ತಿನಲ್ಲಿ ನಿದ್ದೆಗೇಡು, ಮೈ ಬಿಸಿಯೇರುವಿಕೆ, ಬೇಸರಗಳನ್ನು ಅನುಭವಿಸುತ್ತಿರಬಹುದು. ಹಾಗಿದ್ದರೆ ಇಬ್ಬರ ಪರೀಕ್ಷೆಯೂ ಒಟ್ಟಿಗೆ ಆಗಲಿ.

ಚಿಕಿತ್ಸೆ ಆರಂಭಿಸಿದವರಲ್ಲಿ ಲೈಂಗಿಕ ಆಸಕ್ತಿ ಕೆಲವು ವಾರಗಳಲ್ಲೇ ಚೇತರಿಸಿಕೊಳ್ಳತೊಡಗುತ್ತದೆ, ಮನಸ್ಥಿತಿಯ ಬದಲಾವಣೆಗೆ ಕೆಲವು ತಿಂಗಳು ಹಿಡಿಯಬಹುದು. ಹಾರ್ಮೋನು ಸಹಜ ಮಟ್ಟಕ್ಕೆ ಬಂದು ಆರು ತಿಂಗಳಾದರೂ ಲಕ್ಷಣಗಳು ಹಾಗೆಯೇ ಇದ್ದರೆ ಔಷಧದ ಪ್ರಮಾಣ ಹೆಚ್ಚಿಸಿ ಎಂದು ಕೇಳುವುದು ತಪ್ಪು; ಮುಂದುವರಿಸಬೇಕೇ ಎಂಬುದನ್ನೇ ವೈದ್ಯರೊಂದಿಗೆ ಮರುಪರಿಶೀಲಿಸಬೇಕು ಮತ್ತು ಬೇಸರಕ್ಕೆ ಪ್ರತ್ಯೇಕವಾಗಿ ಚಿಕಿತ್ಸೆ ಪಡೆಯಬೇಕು. ಅದಕ್ಕಾಗಿ ಬೆಂಗಳೂರಿಗೇ ಬರಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಸಿಗುತ್ತದೆ, ಮತ್ತು ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂಬುದನ್ನು ಹಿಂದಿನ ದಿನ ವಿಚಾರಿಸಿಕೊಂಡು, ಎರಡು ವಾರ ಬರೆದ ನೋಟ್‌ಬುಕ್ಕು, ಔಷಧಗಳ ಪಟ್ಟಿ ಮತ್ತು ಎಲ್ಲ ರಿಪೋರ್ಟುಗಳನ್ನು ತೆಗೆದುಕೊಂಡು ಹೋಗಿ.